ಕುದ್ರೋಳಿಯ ಹಂಚಿನ ಕಾರ್ಖಾನೆಯೂ ಕ್ರೈಸ್ತಸಭೆಯೂ

ಮಂಗಳೂರಿನ ಕುದ್ರೋಳಿಯೆಂದೊಡನೆ ಗೋಕರ್ಣನಾಥ ಕ್ಷೇತ್ರವು ನೆನಪಿಗೆ ಬರುವುದು ಸಹಜವೇ ಸರಿ. ಆದರೆ 1912ರಲ್ಲಿ ಆ ಕ್ಷೇತ್ರವು ಪ್ರತಿಷ್ಠೆಗೊಳ್ಳುವುದಕ್ಕೆ ಮೊದಲೇ ಇಲ್ಲಿ ಬಾಸೆಲ್ ಮಿಶನಿನವರ ಹಂಚಿನ ಕಾರ್ಖಾನೆಯೊಂದಿದ್ದಿತು. ಧರ್ಮಬೋಧಕರಿಗೆ ಆವೆಯ ಗೊಡವೆಯೇಕೆಂದು ವಾಚಕರು ಕೇಳಬಹುದು. ಸ್ವಜನರನ್ನು ಬಿಟ್ಟು ಬಂದವನಿಗೆ ಇನ್ನು ಸ್ವಜನರು ಯಾರು ಎಂಬ ಪ್ರಶ್ನೆಯಿಂದ ಹುಟ್ಟಿದ ಕಾರ್ಖಾನೆಗಳಲ್ಲಿ ಅದೂ ಒಂದು.

1834ನೆಯ ಇಸವಿ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಬಂದಿಳಿದರು. ಈ ಮಿಶನಿನ ಬೋಧಕರಲ್ಲಿ ಅನೇಕರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ಅಲ್ಲಿ 1819ರಲ್ಲಿ ಭಕ್ತರ ಒಂದು ಸಮೂಹವು ಕೋರ್ನ್‌ಟಾಲ್ ಎಂಬ ಗ್ರಾಮವನ್ನೇ ಕಟ್ಟಿಕೊಂಡು, ಪ್ರಾರ್ಥನೆಯನ್ನೂ ದುಡಿಮೆಯನ್ನೂ ಒಂದೇ ನಿಯಮದಲ್ಲಿ ನಡೆಯಿಸುತ್ತಿದ್ದಿತು. ಅಂತಹ ಸೀಮೆಯಿಂದ ಬಂದವರಿಗೆ, ಸಭೆಯೆಂದರೆ ಆದಿತ್ಯವಾರದ ಆರಾಧನೆಯಷ್ಟೇ ಎಂದು ತೋರುವುದು ಅಸಾಧ್ಯವಾಗಿದ್ದಿತು.

ತುಳುನಾಡಿನ ಸ್ಥಿತಿಯೂ ಅದನ್ನೇ ಬೇಡಿತು. ಸಭೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಮೂರ್ತೆಯ ಕಸುಬನ್ನು ಸಭೆಯು ಒಪ್ಪುತ್ತಿರಲಿಲ್ಲ. ಒಕ್ಕಲಿನ ಭೂಮಿಯು ಧಣಿಯ ಕೈಯಲ್ಲಿದ್ದಿತು. ಅಳಿಯಸಂತಾನದ ಕುಟುಂಬವು ಜಾತಿ ಬಿಟ್ಟವನನ್ನು ಹೊರಗಿಡುತ್ತಿದ್ದಿತು. ಮತಾಂತರದಿಂದ ದಾಯಹಕ್ಕು ನಷ್ಟವಾಗಕೂಡದೆಂದು 1850ರ ಕಾಯಿದೆಯು ವಿಧಿಸಿತಾದರೂ, ಕಾಗದದ ಮೇಲಿನ ಹಕ್ಕಿನಿಂದ ಒಲೆ ಉರಿಯುವುದುಂಟೇ?

ಆದುದರಿಂದ ಮಿಶನಿನವರು ಮೊದಲು ಬೇಸಾಯವನ್ನೂ ಬಳಿಕ ಗಡಿಯಾರದ ಕೆಲಸವನ್ನೂ ಪರೀಕ್ಷಿಸಿದರು, ಅವು ಕೈಗೂಡಲಿಲ್ಲ. ನೆಯ್ಗೆಯು ಕೈಗೂಡಿತು. 1851ರಲ್ಲಿ ಬಂದ ಹಾಲರ್ ಎಂಬವರ ಮೇಲ್ವಿಚಾರಣೆಯಲ್ಲಿ ಬಲ್ಮಠದ ಮಗ್ಗಗಳು ಖಾಕಿ ಬಟ್ಟೆಗೆ ಹೆಸರಾದವು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು; ತರುವಾಯ ಕುದ್ರೋಳಿ, ಮಲ್ಪೆ ಮೊದಲಾದೆಡೆಗಳಲ್ಲಿಯೂ ಆವೆಗಳು ಹೊಗೆಯಾಡಿದವು. ಹೊಳೆಯ ಜೇಡಿಯನ್ನು ಮಿದಿದು, ಅಚ್ಚಿಗೆ ಒತ್ತಿ, ನೆರಳಲ್ಲಿ ಒಣಗಿಸಿ, ಸುಟ್ಟ ಆ ಕೆಂಪು ಹಂಚು ಮುಳಿಹುಲ್ಲಿನ ಮಾಡಿಗಿದ್ದ ಬೆಂಕಿಯ ಭಯವನ್ನು ದೂರಮಾಡಿತು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸ ದೊರೆಯಿತು. ಭಿನ್ನ ಕುಲದವರು ಒಂದೇ ಚಾವಡಿಯಲ್ಲಿ ದುಡಿದರು.

ಇದರಲ್ಲಿ ತೊಡಕೂ ಇದ್ದಿತು. ಉಪದೇಶ ಕೊಡುವವನೂ ಕೂಲಿ ಕೊಡುವವನೂ ಒಂದೇ ಸಂಸ್ಥೆಯವನಾದರೆ, ಬಡವನು ತನ್ನ ಮನಸ್ಸಾಕ್ಷಿಯನ್ನು ನಿರ್ಭಯವಾಗಿ ನುಡಿಯುವುದು ಹೇಗೆ? ಸಭೆಯಿಂದ ಬಹಿಷ್ಕೃತನಾದವನು ಜೀವನೋಪಾಯಕ್ಕೂ ಅಂಜಬೇಕಾಗುವುದು. ಹೊಟ್ಟೆಯ ಪಾಡಿಗಾಗಿ ಬಂದವರೆಂಬ ನಿಂದೆಯನ್ನು ನಿಜವಾದ ಭಕ್ತರೂ ಹೊರಬೇಕಾಯಿತು.

ಪರೀಕ್ಷೆಯ ಕಾಲವು ಮಹಾಯುದ್ಧದೊಡನೆ (1914–1918) ಬಂದಿತು. ಜರ್ಮನ್ ಬೋಧಕರನ್ನು ಸರಕಾರವು ಬಂಧನದಲ್ಲಿಟ್ಟು ಸ್ವದೇಶಕ್ಕೆ ಕಳುಹಿಸಿತು. ಕಾರ್ಖಾನೆಗಳು ಮಿಶನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕೂಲಿಯೇ ಸಭೆಯ ಏಕೈಕ ಬಂಧನವಾಗಿದ್ದರೆ ಅದು ಅಂದೇ ಚದರಿಹೋಗಬೇಕಾಗಿದ್ದಿತು. ಚದರಲಿಲ್ಲ. ಸ್ಥಳೀಯ ಪಾದ್ರಿಗಳೂ ಹಿರಿಯರೂ ಹೊರೆಯನ್ನು ಹೊತ್ತರು. 1862ರಲ್ಲಿ ಕಟ್ಟಿದ ಬಲ್ಮಠದ ಶಾಂತಿ ದೇವಾಲಯದಲ್ಲಿ ಇಂದಿಗೂ ಕನ್ನಡದ ಕೀರ್ತನೆಗಳು ಕೇಳಿಬರುತ್ತಿವೆ.

ಇತ್ತ ಕುದ್ರೋಳಿಯಲ್ಲಿ, ಕುಲವನ್ನು ಬಿಡದೆ ಉಳಿದ ಬಿಲ್ಲವರು ನಾರಾಯಣ ಗುರುಗಳ ಆಶ್ರಯದಲ್ಲಿ ತಮ್ಮ ದೇವಾಲಯವನ್ನು ತಾವೇ ಕಟ್ಟಿಕೊಂಡರು. ದಾರಿಗಳು ಬೇರೆ, ಆದರೆ ಮಾನದಿಂದ ಒಟ್ಟುಗೂಡಿ ನಿಲ್ಲಲು ಒಂದು ಠಾವು ಬೇಕೆಂಬ ಹಂಬಲವು ಒಂದೇ. ಅನ್ನವಿಲ್ಲದೆ ಸಮಾಜವು ಮೊಳೆಯದು. ಅನ್ನದಾತನು ಹೋದ ಮೇಲೆಯೂ ಒಬ್ಬರನ್ನೊಬ್ಬರು ಕೈಬಿಡದಿದ್ದರೆ ಮಾತ್ರ ಅದು ಬೇರೂರಿತೆನ್ನಬಹುದು.