ಎದೆ ಮೇಲಿನ ಬ್ಯಾಡ್ಜ್‌ಗೆ ಏನು ಕಾಣುತ್ತೆ?

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿಗೆ ಅಂಬೆಗಾಲು ಕೃಷ್ಣನ್ನ ನೋಡೋಕೆ ನಿಮ್ಮಲ್ಲಿ ಎಷ್ಟೋ ಜನ ಹೋಗಿರ್ತೀರಿ. ಆದ್ರೆ ಆ ಗುಡಿಯ ಮೂಲದೇವರ ಹೆಸರು ಅಪ್ರಮೇಯ. ಅಂದ್ರೆ, ಅಳತೆಗೆ ಸಿಗದವನು. ಇವತ್ತು ನಾನು ಹೇಳೋದು, ಬಹಳ ಕಾಲ ಯಾರ ಅಳತೆಗೂ ಸಿಗದೆ ಇದ್ದ ಇನ್ನೊಂದರ ಕಥೆ: ವಿಕಿರಣ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ಮೈ ಹೊಕ್ಕರೂ ಗೊತ್ತಾಗಲ್ಲ.

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ. ಅಮೆರಿಕದಲ್ಲಿ ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ, ಟ್ಯೂಬ್ ಸರಿಯಾಗಿದೆಯಾ ಅಂತ ತನ್ನ ಕೈಯನ್ನೇ ಅಡ್ಡ ಹಿಡಿದು ನೋಡ್ತಿದ್ದ. ಕೈ ಸುಟ್ಟು ಹುಣ್ಣಾಯ್ತು, ಕ್ಯಾನ್ಸರ್ ಬಂತು, ಎರಡೂ ಕೈ ಕತ್ತರಿಸಬೇಕಾಯ್ತು. 1904ರಲ್ಲಿ ತೀರಿಕೊಂಡ. ಆಗ ಮನುಷ್ಯನ ಚರ್ಮವೇ ಮೀಟರ್.

1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ಕೆಲಸಗಾರರ ಅಂಗಿಗೆ ಫಿಲ್ಮ್ ಬ್ಯಾಡ್ಜ್ ಬಂತು. ಒಳಗೆ ಫೋಟೊ ಫಿಲ್ಮಿನ ತುಂಡು. ಅದು ಎಷ್ಟು ಕಪ್ಪಾಗಿದೆಯೋ ಅಷ್ಟು ವಿಕಿರಣ ತಗುಲಿದೆ ಅಂತ ಲೆಕ್ಕ. ಆದ್ರೆ ಸೆಕೆ, ತೇವಕ್ಕೆ ಫಿಲ್ಮ್ ಕೆಡುತ್ತೆ. 1970ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಟಿಎಲ್‌ಡಿ ಬ್ಯಾಡ್ಜ್ ತಂತು. ಅದರಲ್ಲಿ 3 ಪುಟ್ಟ ಬಿಲ್ಲೆಗಳು. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನವು. ವಿಕಿರಣದ ಶಕ್ತಿಯನ್ನ ಅವು ಒಳಗೇ ಹಿಡಿದಿಟ್ಕೊಳ್ಳುತ್ತವೆ. ಲ್ಯಾಬಿನಲ್ಲಿ ಬಿಸಿ ಮಾಡಿದರೆ ಬೆಳಕಾಗಿ ಬಿಡುತ್ತವೆ. ಬೆಳಕು ಹೆಚ್ಚಿದ್ದಷ್ಟೂ ಡೋಸ್ ಹೆಚ್ಚು. ನಮ್ಮ ದೇಶದಲ್ಲಿ ಇಂಥ ಕೆಲಸಗಾರರಿಗೆ ಮಿತಿ, 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್.

ಹಾಗಾದ್ರೆ ಬ್ಯಾಡ್ಜ್ ಇದ್ರೆ ಸಾಕಾ? ನಮ್ಮ ಉತ್ತರ ಕನ್ನಡದ ಕೈಗಾಕ್ಕೆ ಬನ್ನಿ. 2009ರ ನವೆಂಬರಿನಲ್ಲಿ ಅಲ್ಲಿನ ಅಣುವಿದ್ಯುತ್ ಸ್ಥಾವರದ 50ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಟ್ರಿಟಿಯಂ ಹೆಚ್ಚಿರೋದು ಬಯಲಾಯ್ತು. ಅವರು ಕುಡಿಯೋ ವಾಟರ್ ಕೂಲರಿಗೆ ಯಾರೋ ಬೇಕಂತಲೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದಾರೆ ಅಂತ ಅಧಿಕಾರಿಗಳೇ ಹೇಳಿದರು. ಇದು ಗೊತ್ತಾಗಿದ್ದು ಬ್ಯಾಡ್ಜಿಂದಲ್ಲ, ಮೂತ್ರಪರೀಕ್ಷೆಯಿಂದ. ಟ್ರಿಟಿಯಂ ಕಿರಣ ಎಷ್ಟು ದುರ್ಬಲ ಅಂದ್ರೆ ಚರ್ಮವನ್ನೂ ದಾಟಲ್ಲ. ಹೊಟ್ಟೆಯೊಳಗಿದ್ದರೆ ಎದೆ ಮೇಲಿನ ಬಿಲ್ಲೆಗೆ ಸುಳಿವೇ ಸಿಗಲ್ಲ.

ಈಗ ನಮ್ಮ ಕೈಗಳಲ್ಲೂ ಸ್ಮಾರ್ಟ್‌ವಾಚ್ ಇದೆ. ಅದರ ಪರದೆ ಹಸಿರು ತೋರಿಸಿದ್ರೆ ಎಲ್ಲಾ ಸರಿ ಇದೆ ಅಂದ್ಕೋತೀವಿ. ಮೈಮೇಲಿನ ಯಾವ ಯಂತ್ರವೂ, ಏನನ್ನ ನೋಡು ಅಂತ ಅದನ್ನ ಮಾಡಿದ್ದಾರೋ ಅಷ್ಟನ್ನೇ ನೋಡುತ್ತೆ. ಮುಂದಿನ ಸಲ ಎಕ್ಸ್‌ರೇಗೆ ಹೋದಾಗ ಟೆಕ್ನಿಷಿಯನ್ ಎದೆ ಮೇಲೆ ಬ್ಯಾಡ್ಜ್ ಇದೆಯಾ ನೋಡಿ. ಇಲ್ಲದಿದ್ರೆ, ಯಾಕಿಲ್ಲ ಅಂತ ಕೇಳಿ.