ಕನಕಗಿರಿಯ ರಸವಾದ

ಚಾಮರಾಜನಗರ ತಾಲ್ಲೂಕಿಗೆ ಸೇರಿದ ಮಲೆಯೂರಿನ ಬೆಟ್ಟಕ್ಕೆ ಕನಕಗಿರಿಯೆಂದು ಹೆಸರು. ಬೆಟ್ಟದ ಮೇಲೆ ಪಾರ್ಶ್ವನಾಥಸ್ವಾಮಿಯ ಬಸದಿಯೂ ಪ್ರಾಚೀನ ಶಾಸನಗಳೂ ಇವೆ. ರಾಜಾವಳಿ ಕಥೆಯನ್ನು ರಚಿಸಿದ ದೇವಚಂದ್ರನು ಈ ಊರಿನವನೇ. ಪೂಜ್ಯಪಾದಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬುದು ಜೈನರ ನಂಬುಗೆ.

ಆಚಾರ್ಯರ ಸೋದರಳಿಯನಾದ ನಾಗಾರ್ಜುನನು ದಾರಿದ್ರ್ಯದಿಂದ ಬಳಲುತ್ತಿರಲು ಅವರು ಆತನಿಗೆ ಪದ್ಮಾವತೀ ಮಂತ್ರವನ್ನು ಉಪದೇಶಿಸಿದರಂತೆ. ದೇವಿಯು ಪ್ರಸನ್ನಳಾಗಿ ಸಿದ್ಧರಸದ ಮೂಲಿಕೆಯನ್ನು ತೋರಿಸಿದಳು. ಕಬ್ಬಿಣವನ್ನು ಹೊನ್ನು ಮಾಡಿ ಗರ್ವಿತನಾದ ಅಳಿಯನಿಗೆ ಆಚಾರ್ಯರು ಸಾಮಾನ್ಯವಾದ ಗಿಡಮೂಲಿಕೆಗಳಿಂದಲೇ ಕೊಡಗಟ್ಟಲೆ ರಸವನ್ನು ಮಾಡಿ ತೋರಿಸಿದರು. ಆದರೂ ಆತನು ಬೆಟ್ಟಗಳನ್ನೇ ಹೊನ್ನು ಮಾಡಹೊರಡಲು ಧರಣೇಂದ್ರ ಪದ್ಮಾವತಿಯರು ಬಂದು ತಡೆದರೆಂದು ಕಥೆ ಮುಗಿಯುವುದು. ಹೊನ್ನಿನ ಹೆಸರುಳ್ಳ ಬೆಟ್ಟದಲ್ಲಿ ಇಂತಹ ಕಥೆಗೆ ಕೇಳುಗರು ಕಡಮೆಯಾಗುವುದುಂಟೆ?

ಪಶ್ಚಿಮದೇಶದಲ್ಲಿಯೂ ಇಂತಹುದೊಂದು ಪರಂಪರೆಯುಂಟು. ಐಗುಪ್ತದ ಥಾತ್ ಎಂಬ ದೇವತೆಯನ್ನೂ ಗ್ರೀಕರ ಹರ್ಮೀಸನನ್ನೂ ಒಂದುಗೂಡಿಸಿ, ಮೂರು ಬಾರಿ ಮಹತ್ತರನೆಂಬ ಬಿರುದನ್ನಿತ್ತು, ಆತನ ಹೆಸರಿನಲ್ಲಿ ಅನೇಕ ಗ್ರಂಥಗಳನ್ನು ಬರೆದರು. ಅವುಗಳಲ್ಲಿ ಪಚ್ಚೆಯ ಫಲಕವೆಂಬ ಕಿರಿದಾದ ಬರೆಹವು ರಸವಾದಿಗಳಿಗೆ ವೇದಪ್ರಾಯವಾಯಿತು. ಸರ್ ಐಸಾಕ್ ನ್ಯೂಟನ್ನನೂ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದನು. ಮೇಲಿನದೂ ಕೆಳಗಿನದೂ ಒಂದನ್ನೊಂದು ಹೋಲುವುವೆಂಬುದು ಅದರ ಮುಖ್ಯಸಿದ್ಧಾಂತ. ನಮ್ಮವರು ಪಿಂಡಬ್ರಹ್ಮಾಂಡಗಳ ಐಕ್ಯವೆನ್ನುವುದಕ್ಕೆ ಇದು ಸಮೀಪವಾದುದು. ಈ ಗ್ರಂಥಗಳು ಮೋಶೆಯ ಕಾಲದಷ್ಟು ಹಳೆಯವೆಂದು ಯೂರೋಪಿನವರು ಬಹುಕಾಲ ನಂಬಿದ್ದರು. 1614ರಲ್ಲಿ ಕಸೋಬನ್ ಎಂಬ ಪಂಡಿತನು ಭಾಷೆಯನ್ನು ಪರೀಕ್ಷಿಸಿ, ಹರ್ಮೀಸನ ಹೆಸರಿನ ಗ್ರೀಕ್ ಗ್ರಂಥಗಳು ಕ್ರಿಸ್ತಶಕದ ಈಚಿನವೆಂದು ತೋರಿಸಿದನು. ಪಚ್ಚೆಯ ಫಲಕವಂತೂ ಮೊದಲು ಕಾಣಿಸಿಕೊಳ್ಳುವುದು ಅರಬ್ಬೀ ಭಾಷೆಯಲ್ಲಿ. 1908ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪ್ರಕಟವಾದ ಕಿಬಾಲಿಯನ್ ಎಂಬ ಪುಸ್ತಕವು ಇದನ್ನೇ ಏಳು ಸೂತ್ರಗಳಾಗಿ ವಿಂಗಡಿಸಿ, ಸರ್ವವೂ ಮನೋಮಯವೆಂಬುದನ್ನು ಮೊದಲನೆಯದಾಗಿ ಇಟ್ಟಿತು. ಆಲೋಚನೆಯನ್ನು ತಿದ್ದಿದರೆ ಬಾಳು ತಿದ್ದುವುದೆಂದು ಇಂದು ಬೋಧಿಸುವವರಲ್ಲಿ ಅನೇಕರು ಈ ಪುಸ್ತಕದ ಋಣಿಗಳು. ಅದನ್ನು ಪ್ರಾಚೀನ ಐಗುಪ್ತದ ವಾಕ್ಯವೆಂದು ಹೇಳುವುದು ಮಾತ್ರ ಸರಿಯಲ್ಲ.

ಕಥೆಯ ಪೂಜ್ಯಪಾದರನ್ನು ಬಿಟ್ಟು ಗ್ರಂಥಕರ್ತರಾದ ಪೂಜ್ಯಪಾದರ ಬಳಿಗೆ ಹೋದರೆ ಈ ವಿಷಯದಲ್ಲಿ ಬೇರೊಂದು ಬೆಳಕು ದೊರೆಯುವುದು. ಇವರ ನಿಜನಾಮ ದೇವನಂದಿ. ಜೈನೇಂದ್ರ ವ್ಯಾಕರಣ, ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿ, ಸಮಾಧಿತಂತ್ರ, ಇಷ್ಟೋಪದೇಶ ಇವು ಇವರ ಕೃತಿಗಳು. ಇಷ್ಟೋಪದೇಶವು 51 ಶ್ಲೋಕಗಳ ಪುಟ್ಟ ಗ್ರಂಥ. ಅದರ ಎರಡನೆಯ ಶ್ಲೋಕದಲ್ಲಿಯೇ ಹೊನ್ನಿನ ಮಾತು ಬರುವುದು ಗಮನಾರ್ಹ. ತಕ್ಕ ಉಪಾದಾನವಿದ್ದ ಕಲ್ಲು ಹೊನ್ನಾಗುವಂತೆ, ತಕ್ಕ ಸಾಮಗ್ರಿ ಕೂಡಿದಾಗ ಆತ್ಮನು ತನ್ನ ಸ್ವರೂಪವನ್ನು ಪಡೆಯುವನೆಂಬುದು ಅಲ್ಲಿಯ ಆಶಯ. ನಾಗಾರ್ಜುನನ ರಸಕ್ಕೂ ಈ ದೃಷ್ಟಾಂತಕ್ಕೂ ಇರುವ ಅಂತರವನ್ನು ನೋಡಬೇಕು. ರಸವು ಯಾವ ಬೆಟ್ಟವನ್ನಾದರೂ ಹೊನ್ನು ಮಾಡಬಲ್ಲದೆಂದು ಅಳಿಯನು ಬಗೆದನು. ಮಾವನಾದರೋ ಹೊನ್ನಿರುವ ಅದಿರು ಮಾತ್ರ ಹೊನ್ನಾಗುವುದು, ಅದೂ ದೇಶಕಾಲಗಳು ಒದಗಿದಾಗ, ಎಂದು ಬರೆದಿಟ್ಟರು. ನೆನೆದುದೆಲ್ಲ ಕೈಗೂಡುವುದೆಂಬ ಮತವು ಅಳಿಯನದು.

ನಿತ್ಯದ ಯೋಚನೆಗಳ ವಿಷಯದಲ್ಲಿ ಸರ್ವಾರ್ಥಸಿದ್ಧಿಯು ಇನ್ನೂ ಉಪಯುಕ್ತವಾದುದು. ತತ್ತ್ವಾರ್ಥಸೂತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲವೆಂದು ನಾಲ್ಕಾಗಿ ವಿಭಾಗಿಸುವುದು. ಧ್ಯಾನವೆಂದರೆ ಪದ್ಮಾಸನದಲ್ಲಿ ಕಣ್ಣು ಮುಚ್ಚುವುದೆಂದು ತಿಳಿದವರಿಗೆ ಮೊದಲನೆಯ ಹೆಸರು ಆಶ್ಚರ್ಯವನ್ನುಂಟುಮಾಡೀತು. ಬೇಡದುದು ಬಂದಿತೆಂದು, ಬೇಕಾದುದು ಹೋಯಿತೆಂದು, ನೋವು ಎಂದು ತೀರುವುದೋ ಎಂದು, ಮುಂದೆ ಇಂತಹ ಭೋಗವು ದೊರೆಯಲಿ ಎಂದು ಎಡೆಬಿಡದೆ ಚಿಂತಿಸುವುದೇ ಆರ್ತಧ್ಯಾನ. ಗುಂಡ್ಲುಪೇಟೆಯ ಕಡೆಯ ಬೇಸಾಯಗಾರನು ಮಳೆ ಹೋದ ಆಷಾಢದಲ್ಲಿ ಸಾಲದ ಪತ್ರವನ್ನು ನೆನೆಯುತ್ತ ಇರುಳೆಲ್ಲ ಎಚ್ಚತ್ತಿದ್ದರೆ, ಈ ಶಾಸ್ತ್ರದ ಪ್ರಕಾರ ಆತನು ಧ್ಯಾನವನ್ನೇ ಮಾಡುತ್ತಿರುವನು. ಏಕಾಗ್ರತೆಗೆ ಅಲ್ಲಿ ಕೊರತೆಯಿಲ್ಲ. ಚಿತ್ತವು ಅಂಟಿಕೊಂಡಿರುವ ವಸ್ತುವಿನಲ್ಲಿ ದೋಷ. ಆದುದರಿಂದ ಅವನಿಗೆ ಹೊಸದೊಂದು ಶಕ್ತಿಯನ್ನು ಕೊಡಬೇಕಾಗಿಲ್ಲ, ಇದ್ದ ಶಕ್ತಿಯನ್ನು ಬೇರೆಡೆಗೆ ತಿರುಗಿಸಬೇಕು. ಸಮಾಧಿತಂತ್ರದಲ್ಲಿ ಮನಸ್ಸನ್ನು ನೀರಿಗೆ ಹೋಲಿಸಿ, ರಾಗದ್ವೇಷಗಳ ತೆರೆಯಿಂದ ಅಲುಗದ ನೀರಿನಲ್ಲಿಯೇ ಆತ್ಮತತ್ತ್ವವು ಕಾಣುವುದೆಂದು ಹೇಳಿರುವುದೂ ಇದನ್ನೇ. ಮಳೆಯನ್ನು ಮನಸ್ಸಿನಿಂದ ಬರಿಸಬಹುದೆಂದು ಅಲ್ಲಿ ಹೇಳಿಲ್ಲ.

ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ನೆನಪಿಗಾಗಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿದರು. ಶ್ರೀವೈಷ್ಣವಶಾಸ್ತ್ರದಲ್ಲಿ ಪರನೆಂದರೆ ವೈಕುಂಠದಲ್ಲಿರುವ ರೂಪ. ಅವನೇ ಅಂತರ್ಯಾಮಿಯಾಗಿ ಹೃದಯದಲ್ಲಿಯೂ ಇರುವನು. ಮೇಲಿನದು ಕೆಳಗೂ ಇರುವುದೆಂಬ ಮಾತು ಈ ಸೀಮೆಗೆ ಹೊಸದಲ್ಲವೆನ್ನುವುದಕ್ಕೆ ಇದೊಂದೇ ಸಾಕು. ಆದರೆ ಅಲ್ಲಿ ಕೆಳಗಿರುವವನು ಮೇಲಿನವನಿಗೆ ಶರಣಾಗುವನೇ ಹೊರತು ತನ್ನ ಸಂಕಲ್ಪದಿಂದ ಮೇಲಿನದನ್ನು ಬಾಗಿಸುವುದಿಲ್ಲ.

ದೇಹಾರೋಗ್ಯದ ವಿಷಯವು ಉಳಿಯಿತು. ರೋಗವು ರೋಗಿಯ ಯೋಚನೆಯಿಂದಲೇ ಹುಟ್ಟುವುದೆಂದು ಈಚಿನ ಕೆಲವರು ಹೇಳುವರು. ಜ್ವರದಿಂದ ನರಳುವ ಕೂಸಿನ ತಾಯಿಗೆ ಈ ಮಾತನ್ನು ಹೇಳುವುದು ಕ್ರೌರ್ಯವೇ ಸರಿ. ಚಿಂತೆಯು ನಿದ್ರೆಯನ್ನೂ ಹಸಿವನ್ನೂ ಕೆಡಿಸುವುದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಷ್ಟರಿಂದ ಔಷಧಿಯು ವ್ಯರ್ಥವಾಗದು. 9ನೆಯ ಶತಮಾನದ ಉಗ್ರಾದಿತ್ಯನು ತನ್ನ ಕಲ್ಯಾಣಕಾರಕವೆಂಬ ವೈದ್ಯಗ್ರಂಥದಲ್ಲಿ ಹಿಂದಿನ ಆಚಾರ್ಯರನ್ನು ಸ್ಮರಿಸುವಾಗ ಶಾಲಾಕ್ಯತಂತ್ರವನ್ನು ಪ್ರಕಟಿಸಿದವರು ಪೂಜ್ಯಪಾದರೆಂದು ಹೇಳಿರುವನು. ಶಾಲಾಕ್ಯವೆಂದರೆ ಕಣ್ಣು, ಕಿವಿ, ಮೂಗು, ಬಾಯಿಗಳ ಚಿಕಿತ್ಸೆ. ಸಲಾಕೆಯನ್ನು ಹಿಡಿದು ಮಾಡುವ ಕೆಲಸ. ಇದೇ ಪೂಜ್ಯಪಾದರು ಒಮ್ಮೆ ದೃಷ್ಟಿಯನ್ನು ಕಳೆದುಕೊಂಡು, ಶಾಂತ್ಯಷ್ಟಕವನ್ನು ರಚಿಸಿ ಸ್ತುತಿಸಿದಾಗ ಕಣ್ಣು ಮರಳಿ ಬಂದಿತೆಂದು ಅವರ ಚರಿತ್ರೆಯಲ್ಲಿ ಹೇಳುವುದುಂಟು. ಕಣ್ಣಿನ ವೈದ್ಯವನ್ನು ಬರೆದವರೂ ಕಣ್ಣಿಗಾಗಿ ಸ್ತೋತ್ರ ಮಾಡಿದವರೂ ಒಬ್ಬರೇ ಎಂದು ನಂಬಿದ ಜನರು ಅವೆರಡರಲ್ಲಿ ಒಂದನ್ನು ಬಿಡಬೇಕೆಂದು ಎಣಿಸಿದಂತೆ ಕಾಣುವುದಿಲ್ಲ.