ಚಂದ್ರವಳ್ಳಿ

ಚಂದ್ರವಳ್ಳಿಯು ಕರ್ನಾಟಕದ ಚಿತ್ರದುರ್ಗ ನಗರಕ್ಕೆ ಹೊಂದಿಕೊಂಡಿರುವ ಪ್ರಾಚೀನ ಜನವಸತಿಯ ನೆಲೆ. ಇದು ಚಿತ್ರದುರ್ಗ, ಕಿರುಬನಕಲ್ಲು ಮತ್ತು ಚೋಳಗುಡ್ಡ ಎಂಬ ಮೂರು ಬೆಟ್ಟಗಳ ನಡುವಣ ಕಣಿವೆಯಲ್ಲಿದೆ. ಇಂದು ಪ್ರವಾಸಿಗರು ಬರುವುದು ಹೆಚ್ಚಾಗಿ ಇಲ್ಲಿನ ಕೆರೆಗೂ ಅಂಕಲಿ ಮಠದ ಗುಹೆಗಳಿಗೂ. ಇತಿಹಾಸಕಾರರಿಗೆ ಮುಖ್ಯವಾದುದು ಮಾತ್ರ ಇಲ್ಲಿನ ಮಣ್ಣಿನಲ್ಲಿ ದೊರೆತ ಮಡಕೆಚೂರುಗಳು ಮತ್ತು ನಾಣ್ಯಗಳು.

ಉತ್ಖನನ

ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿಗೆ ಇಲ್ಲಿ ಅಗೆತ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವ್ಹೀಲರ್ ಇದೇ ಜಿಲ್ಲೆಯ ಬ್ರಹ್ಮಗಿರಿಯೊಂದಿಗೆ ಇಲ್ಲಿಯೂ ಉತ್ಖನನ ಕೈಗೊಂಡರು. ಬೃಹತ್ ಶಿಲಾಯುಗದ ಪದರದ ಮೇಲೆ ಶಾತವಾಹನ ಕಾಲದ ಪದರ ಕಂಡುಬಂದಿತು. ಶಾತವಾಹನರ ಮತ್ತು ಮಹಾರಠಿಗಳ ಸೀಸದ ನಾಣ್ಯಗಳಲ್ಲದೆ, ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ದೀನಾರಿಯಸ್ ನಾಣ್ಯಗಳೂ ಈ ನೆಲೆಯಲ್ಲಿ ದೊರೆತಿವೆ.

ಮಡಕೆಗಳು ಮತ್ತು ಕಾಲನಿರ್ಣಯ

ಶಾತವಾಹನ ಪದರದ ವಿಶಿಷ್ಟ ಮಡಕೆಯ ಮೇಲೆ ಬಿಳಿಮಣ್ಣಿನಿಂದ ಗೆರೆಗಳನ್ನು ಎಳೆದು, ಅದರ ಮೇಲೆ ಕಾವಿಯ ತೆಳುಲೇಪ ಕೊಡಲಾಗುತ್ತಿತ್ತು. ಇದರೊಂದಿಗೆ, ಒಳತಳದಲ್ಲಿ ಏಕಕೇಂದ್ರೀಯ ವೃತ್ತಗಳಾಗಿ ಸಣ್ಣ ಗೀರುಗಳನ್ನು ಉರುಳುಗಾಲಿಯಿಂದ ಒತ್ತಿದಂತಿರುವ ನಯವಾದ ತಟ್ಟೆಗಳ ಚೂರುಗಳೂ ಸಿಕ್ಕವು. ಸಂಖ್ಯೆಯಲ್ಲಿ ಅವು ಕೆಲವೇ. ಆದರೆ ಕಾಲನಿರ್ಣಯದ ಭಾರವೆಲ್ಲ ಬಿದ್ದುದು ಅವುಗಳ ಮೇಲೆ.

ನಾಣ್ಯವೊಂದು ಟಂಕಿಸಿದ ಬಳಿಕ ತಲೆಮಾರುಗಳ ಕಾಲ ಕೈಯಿಂದ ಕೈಗೆ ಸಾಗಬಹುದು. ತಟ್ಟೆ ಒಡೆದರೆ ಬೇಗನೆ ತಿಪ್ಪೆ ಸೇರುತ್ತದೆ. ಹೀಗಾಗಿ ಪದರದ ವಯಸ್ಸಿಗೆ ಚೂರು ಹೆಚ್ಚು ಹತ್ತಿರದ ಸಾಕ್ಷಿ. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ವ್ಹೀಲರ್ ಇಂಥದೇ ತಟ್ಟೆಗಳನ್ನು ಇಟಲಿಯ ಅರೆಜ್ಜೊ ಶೈಲಿಯ ಕೆಂಪು ಪಾತ್ರೆಗಳ ಜೊತೆಯಲ್ಲಿ ಕಂಡಿದ್ದರು. ಇಟಲಿಯ ಪಾತ್ರೆಗಳ ಕಾಲ ತಿಳಿದಿದ್ದರಿಂದ ಚಂದ್ರವಳ್ಳಿಯ ಶಾತವಾಹನ ಪದರವನ್ನು ಕ್ರಿ.ಶ. ಮೊದಲ ಶತಮಾನಗಳಿಗೆ ನಿಗದಿಪಡಿಸುವುದು ಸಾಧ್ಯವಾಯಿತು. ಉರುಳುಗಾಲಿಯ ಗೀರುಗಳಿರುವ ತಟ್ಟೆಗಳು ರೋಮಿನವೆಂದೇ ಹಲವರು ಭಾವಿಸಿದ್ದರು. ಅವು ಭಾರತದಲ್ಲಿಯೇ ತಯಾರಾದವೆಂಬುದನ್ನು ಜೇಡಿಮಣ್ಣಿನ ವಿಶ್ಲೇಷಣೆಗಳು ಮುಂದೆ ತೋರಿಸಿದವು. ಕೆಳಗಿನ ಬೃಹತ್ ಶಿಲಾಯುಗದ ಪದರಕ್ಕೆ ವ್ಹೀಲರ್ ಕೊಟ್ಟ ಕಾಲ ಉಳಿಯಲಿಲ್ಲ. ಹಳ್ಳೂರು ಮೊದಲಾದೆಡೆಗಳ ಇಂಗಾಲ ಪರೀಕ್ಷೆಯಿಂದ ಆ ಸಂಸ್ಕೃತಿಯ ಆರಂಭ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಸರಿದಿದೆ.

ಶಾಸನ

ಸಮೀಪದ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದು ಕೆರೆಯ ನಿರ್ಮಾಣವನ್ನು ಉಲ್ಲೇಖಿಸುತ್ತದೆ. ಅದರಲ್ಲಿ ಬರುವ, ಅವನು ಗೆದ್ದ ನಾಡುಗಳ ಹೆಸರುಗಳ ಓದಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.